ಕೈತೋಟದಲ್ಲಿ ಅಂಗಮಾರಿ ನಿರೋಧಕ ಟೊಮ್ಯಾಟೊ, ಆಲೂಗೆಡ್ಡೆ

ಸೋನೆ ಮಳೆ ಹಿಡಿದು ನಾಲ್ಕು ದಿನ ಬಿಸಿಲು ಕಾಣದಿದ್ದರೆ ಹಸಿರಾಗಿ ನಿಂತ ಆಲೂಗೆಡ್ಡೆ ಬೆಳೆ ವಾರದೊಳಗೆ ಸುಟ್ಟಂತೆ ಕಪ್ಪಾಗುವುದನ್ನು ಹಾಸನ, ಚಿಕ್ಕಮಗಳೂರು ಕಡೆಯ ರೈತರು ಚೆನ್ನಾಗಿ ಬಲ್ಲರು. ಇದೇ ಅಂಗಮಾರಿ ರೋಗ. ಟೊಮ್ಯಾಟೊ ಗಿಡಕ್ಕೂ ಇದು ತಗಲುತ್ತದೆ. ನಿರೋಧಕ ತಳಿ ಹಾಕಿದ್ದೇವೆ, ಇನ್ನು ಭಯವಿಲ್ಲ ಎಂದು ನಂಬಿದವರ ಕೈತೋಟವೂ ಹಾಳಾಗುವುದುಂಟು. ಆ ತಳಿ ಯಾವ ಅಂಗಮಾರಿಗೆ ನಿರೋಧಕ ಎಂದು ವಿಚಾರಿಸದಿರುವುದೇ ಇದಕ್ಕೆ ಮುಖ್ಯ ಕಾರಣ.

ಅಂಗಮಾರಿಯಲ್ಲಿ ಎರಡು ಬಗೆ

ಮೊದಲ ಅಂಗಮಾರಿ: ಇದು ಆಲ್ಟರ್ನೇರಿಯ ಎಂಬ ಶಿಲೀಂಧ್ರದಿಂದ ಬರುತ್ತದೆ. ಬುಡದ ಹಳೆಯ ಎಲೆಗಳಲ್ಲಿ ಕಂದು ಚುಕ್ಕೆಗಳು ಮೂಡಿ, ಅವುಗಳಲ್ಲಿ ಒಂದರೊಳಗೊಂದು ಉಂಗುರಗಳು ಕಾಣುತ್ತವೆ. ಬೆಚ್ಚನೆಯ ಹವೆಯಲ್ಲಿ ಇದರ ಹಾವಳಿ ಹೆಚ್ಚು.

ಕೊನೆ ಅಂಗಮಾರಿ: ಇದಕ್ಕೆ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಕಾರಣ. ಎಲೆಯ ತುದಿ, ಅಂಚುಗಳಲ್ಲಿ ನೀರಿನಲ್ಲಿ ನೆಂದಂತಹ ಮಚ್ಚೆಗಳು ಮೂಡಿ, ಬೇಗನೆ ಹರಡಿ ಕಪ್ಪಾಗುತ್ತವೆ. ಮುಂಜಾನೆ ಎಲೆಯ ತಳಭಾಗದಲ್ಲಿ ಬಿಳಿಯ ಬೂಷ್ಟು ಕಾಣುತ್ತದೆ. ತಂಪು ಹವೆ ಮತ್ತು ಒದ್ದೆ ಎಲೆ ಇದಕ್ಕೆ ಅನುಕೂಲ. 1845ರಿಂದ ಐರ್ಲೆಂಡಿನಲ್ಲಿ ಭೀಕರ ಕ್ಷಾಮಕ್ಕೆ ಕಾರಣವಾದುದು ಇದೇ ರೋಗ. ಹೆಸರು 'ಕೊನೆ' ಎಂದಿದ್ದರೂ ಎಳೆಯ ಗಿಡಕ್ಕೂ ಬರಬಹುದು.

ತಳಿಗಳ ಆಯ್ಕೆ

ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮ್ಯಾಟೊ ಎಲೆ ಮುದುಡು ನಂಜುರೋಗ, ದುಂಡಾಣು ಸೊರಗು ರೋಗ ಹಾಗೂ ಮೊದಲ ಅಂಗಮಾರಿಯನ್ನು ತಡೆಯುತ್ತದೆ. ಆದರೆ ಮಳೆಗಾಲದ ಕೊನೆ ಅಂಗಮಾರಿಗೆ ಇದನ್ನು ನಂಬಿ ಕೂರುವಂತಿಲ್ಲ. ಅದೇ ಸಂಸ್ಥೆಯ ಅರ್ಕಾ ಅಭೇದ್ ಈ ಮೂರರ ಜೊತೆಗೆ ಕೊನೆ ಅಂಗಮಾರಿಗೂ ನಿರೋಧಕ. ಮಳೆಗಾಲಕ್ಕೆ ಇದು ಉತ್ತಮ. ಎರಡೂ ಸಂಕರಣ ತಳಿಗಳಾದುದರಿಂದ ಹಣ್ಣಿನ ಬೀಜ ತೆಗೆದಿಟ್ಟು ಮತ್ತೆ ಬಿತ್ತಬಾರದು.

ಆಲೂಗೆಡ್ಡೆಯಲ್ಲಿ ಕುಫ್ರಿ ಜ್ಯೋತಿ ನಮ್ಮಲ್ಲಿ ಬಹಳ ಪ್ರಚಲಿತ. 1968ರಲ್ಲಿ ಬಿಡುಗಡೆಯಾದಾಗ ಅದು ಕೊನೆ ಅಂಗಮಾರಿಯನ್ನು ತಡೆಯುತ್ತಿತ್ತು. ವರ್ಷಗಳು ಕಳೆದಂತೆ ರೋಗಾಣು ಹೊಸ ರೂಪ ತಾಳಿ ಆ ಶಕ್ತಿಯನ್ನು ಮುರಿಯಿತು. ಈಗ ಅದನ್ನು ನಿರೋಧಕ ತಳಿಯೆಂದು ಭಾವಿಸಬಾರದು. ಸಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯು ಗುಡ್ಡಗಾಡಿಗೆಂದು ಹೊರತಂದ ಕುಫ್ರಿ ಹಿಮಾಲಿನಿ, ಕುಫ್ರಿ ಗಿರ್ಧಾರಿ ತಳಿಗಳಲ್ಲಿ ನಿರೋಧಕ ಶಕ್ತಿ ಹೆಚ್ಚು. ಇವು ನಿಮ್ಮ ಊರಿನ ಹವೆಗೆ ಹೊಂದುವುವೇ ಎಂಬುದನ್ನು ತೋಟಗಾರಿಕೆ ಇಲಾಖೆ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮೊದಲು ಒಂದೆರಡು ಸಾಲಿನಲ್ಲಿ ಹಾಕಿ ನೋಡಬೇಕು.

ಬೇಸಾಯ ಕ್ರಮಗಳು

1. ಎರಡೂ ಬೆಳೆಗಳನ್ನು ಅಕ್ಕಪಕ್ಕದಲ್ಲಿ ಹಾಕಬಾರದು. ಒಂದರ ನಂತರ ಇನ್ನೊಂದನ್ನೂ ಬೆಳೆಯಬಾರದು. ನಡುವೆ ಹುರುಳಿಕಾಯಿ ಅಥವಾ ಸೊಪ್ಪು ಹಾಕಬಹುದು.

2. ಕೊಳೆತ ಗುರುತಿಲ್ಲದ, 40–50 ಗ್ರಾಂ ತೂಕದ ಬಿತ್ತನೆ ಗೆಡ್ಡೆಗಳನ್ನು 60 ಸೆಂ.ಮೀ. ಅಂತರದ ಸಾಲುಗಳಲ್ಲಿ 20 ಸೆಂ.ಮೀ.ಗೆ ಒಂದರಂತೆ ನೆಡಬೇಕು. ತಿಂಗಳಿಗೆ ಬುಡಕ್ಕೆ ಮಣ್ಣು ಏರಿಸಬೇಕು.

3. ಟೊಮ್ಯಾಟೊ ಗಿಡಕ್ಕೆ ಊರುಗೋಲು ಕೊಟ್ಟು, ನೆಲಕ್ಕೆ ತಾಗುವ ಎಲೆಗಳನ್ನು ಕಿತ್ತು, ಗಾಳಿ ಆಡುವಂತೆ ಮಾಡಬೇಕು.

4. ನೀರನ್ನು ಬೆಳಗಿನ ಹೊತ್ತು ಬುಡಕ್ಕೆ ಮಾತ್ರ ಕೊಡಬೇಕು.

5. ಗೆಡ್ಡೆ ಕೀಳುವ 10–15 ದಿನ ಮುಂಚೆ ಎಲೆಕಾಂಡವನ್ನು ಕತ್ತರಿಸಿ ದೂರ ಹಾಕಬೇಕು.

ಮೋಡ ಕವಿದ ಹವೆ ಮುಂದುವರಿದರೆ ನಿರೋಧಕ ತಳಿಗೂ ರೋಗ ಬರುವ ಮುನ್ನವೇ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸುವುದು ಲೇಸು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 5 ಲೀಟರ್ ನೀರಿಗೆ 100 ಗ್ರಾಂ ಮೈಲುತುತ್ತ, ಇನ್ನೊಂದರಲ್ಲಿ 5 ಲೀಟರ್ ನೀರಿಗೆ 100 ಗ್ರಾಂ ಸುಟ್ಟ ಸುಣ್ಣ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಅದರಲ್ಲಿ ಅದ್ದಿದ ಕಬ್ಬಿಣದ ಚಾಕು ಕೆಂಪೇರಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಅಂದೇ ಬಳಸಬೇಕು. ಹಣ್ಣನ್ನು ಚೆನ್ನಾಗಿ ತೊಳೆದು ಉಪಯೋಗಿಸಬೇಕು.

ನೆರೆಯವರ ಹೊಲದ ಹಿತ

ಕೈತೋಟದ ಹತ್ತು ಗಿಡ ಹೋದರೆ ಮನೆಯ ಸಾರಿಗಷ್ಟೇ ಕೊರತೆ. ಆದರೆ ರೋಗದ ಬೀಜಕಣಗಳು ಗಾಳಿಯಲ್ಲಿ ಹಾರಿ, ಸಾಲ ಮಾಡಿ ಬೀಜ ತಂದ ನೆರೆಯವರ ಎಕರೆಗಟ್ಟಲೆ ಬೆಳೆಗೆ ತಗಲಬಹುದು. ಕೊಳೆತ ಗೆಡ್ಡೆಗಳನ್ನು ತಿಪ್ಪೆಗೆ ಎಸೆಯದೆ ಆಳವಾಗಿ ಹೂಳಬೇಕು. ತಾನಾಗಿ ಹುಟ್ಟಿದ ಆಲೂಗೆಡ್ಡೆ ಗಿಡಗಳನ್ನು ಕಿತ್ತುಹಾಕಬೇಕು. ರೋಗ ಕಂಡ ಗಿಡವನ್ನು ಅಂದೇ ತೆಗೆಯಬೇಕು.

ನಿರೋಧಕ ತಳಿ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ ಬೆಳೆಯುವವರ ಕೈಯಲ್ಲಿದೆ.