ಶಕ್ತಿಗೆ ಗ್ರೀಕರ ಮಾತುಗಳು

ಸೈಕಲ್ಲಿನ ಡೈನಮೊ, ಬಂಡೆ ಸಿಡಿಸುವ ಡೈನಮೈಟು ಇವೆರಡರ ಹೆಸರೂ ಹುಟ್ಟಿದ್ದು ಪ್ರಾಚೀನ ಗ್ರೀಕರ 'ದುನಮಿಸ್' ಎಂಬ ಮಾತಿನಿಂದ. ನಾವು ಅದನ್ನು ಶಕ್ತಿ ಎನ್ನುತ್ತೇವೆ. 'ಎನರ್ಜಿ'ಯನ್ನೂ ಶಕ್ತಿಯೆಂದೇ ಕರೆದು ಸುಮ್ಮನಾಗುತ್ತೇವೆ. ಅರಿಸ್ಟಾಟಲನು (ಕ್ರಿ. ಪೂ. 384–322) ಹಾಗೆ ಬಿಡಲಿಲ್ಲ. ಮಾಡಬಲ್ಲ ಶಕ್ತಿ ದುನಮಿಸ್. ಮಾಡುತ್ತಿರುವಾಗ ಕಾಣುವುದು 'ಎನೆರ್ಗೇಯಾ'. 'ಎರ್ಗೊನ್' ಎಂದರೆ ಕೆಲಸ. ಎರಡನೆಯ ಮಾತು ಅದರಿಂದಲೇ ಬಂದದ್ದು.

ಇದು ಬರಿಯ ಪಂಡಿತರ ಜಗಳವಲ್ಲ. ಮನೆ ಕಟ್ಟುತ್ತಿರುವಾಗ ಮಾತ್ರ ಒಬ್ಬನಿಗೆ ಕಟ್ಟುವ ಶಕ್ತಿಯುಂಟು ಎಂದು ಮೆಗಾರದ ತಾರ್ಕಿಕರು ವಾದಿಸಿದ್ದರು. ಹಾಗಾದರೆ ಕೆಲಸ ನಿಂತೊಡನೆ ಅವನು ಕಸಬು ಕಳೆದುಕೊಂಡನೇ? ಮತ್ತೆ ಕಟ್ಟಲು ತೊಡಗಿದಾಗ ಅದು ಎಲ್ಲಿಂದ ಬಂತು? ಅರಿಸ್ಟಾಟಲನ ಈ ಪ್ರಶ್ನೆಯ ಬೆಲೆ, ಕೆಲಸವಿಲ್ಲದೆ ನಾಲ್ಕು ದಿನ ಕುಳಿತ ಗಾರೆಯವನಿಗೆ ಚೆನ್ನಾಗಿ ತಿಳಿಯುತ್ತದೆ!

'ಕಿನೇಸಿಸ್' ಎಂದರೆ ಚಲನೆ. ಸಿನಿಮಾ ಅದರ ಬಳಗದ್ದು. 'ಹೊರ್ಮೆ' ಎಂಬುದು ಒಳಗಿನಿಂದ ನುಗ್ಗುವ ಪ್ರೇರಣೆ. 1905ರಲ್ಲಿ ಬಳಕೆಗೆ ಬಂದ ಹಾರ್ಮೋನು ಎಂಬ ಹೆಸರು ಅದರ ಕುಲದ್ದೇ. 'ಬಿಯಾ' ಎಂದರೆ ಬಲಾತ್ಕಾರ.

ಇನ್ನು ಎಸೆದ ಕಲ್ಲಿನ ಮಾತು. ಕೈ ಬಿಟ್ಟ ಮೇಲೂ ಅದನ್ನು ಮುಂದಕ್ಕೆ ಒಯ್ಯುವುದು ಸುತ್ತಲಿನ ಗಾಳಿ ಎಂದನು ಅರಿಸ್ಟಾಟಲ್. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೊಪೊನಸ್ ಇದನ್ನು ಒಪ್ಪಲಿಲ್ಲ. ಗಾಳಿಯೇ ಒಯ್ಯುವುದಾದರೆ ಕಲ್ಲನ್ನು ಕೈಯಲ್ಲಿ ಹಿಡಿಯುವುದೇಕೆ, ಹಿಂದಿನಿಂದ ಗಾಳಿ ಬೀಸಿದರೆ ಸಾಲದೇ? ಎಸೆಯುವವನೇ ಕಲ್ಲಿಗೆ ಚಲಿಸುವ ಶಕ್ತಿಯನ್ನು ಕೊಡುತ್ತಾನೆ ಎಂದನು. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸಿನ ಬುರಿದಾನನು ಇಂಥದೇ ಶಕ್ತಿಯನ್ನು ಲ್ಯಾಟಿನಿನಲ್ಲಿ 'ಇಂಪೆಟಸ್' ಎಂದು ಕರೆದನು.