ಹಳೆಯ ಸಿಮೆಂಟ್ ಶೀಟು ತೆಗೆಯುವ ಮುನ್ನ

ಮುಂಗಾರಿಗೆ ಮೊದಲು ಬೀಸುವ ಬಿರುಗಾಳಿಗೆ, ಆಲಿಕಲ್ಲಿಗೆ ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯಲ್ಲಿ ಶೀಟು ಒಡೆಯುವುದು ಹೊಸದೇನಲ್ಲ. ಮಗ್ಗದ ಷೆಡ್ಡು, ರೇಷ್ಮೆಹುಳು ಸಾಕುವ ಮನೆ, ದನದ ಕೊಟ್ಟಿಗೆ, ಬಚ್ಚಲಿನ ಮರೆ, ಎಲ್ಲೆಡೆಯೂ ಆ ಬೂದುಬಣ್ಣದ ಅಲೆಅಲೆಯ ಶೀಟೇ. ಒಡೆದುದನ್ನು ಸುತ್ತಿಗೆಯಿಂದ ಇನ್ನಷ್ಟು ಒಡೆದು ತಿಪ್ಪೆಗೆ ಎಸೆಯುವುದು ವಾಡಿಕೆ. ಆ ವಾಡಿಕೆಯನ್ನು ಕುರಿತೇ ಈ ತಿಂಗಳು ಸದ್ಭಕ್ತರೊಡನೆ ನಾಲ್ಕು ಮಾತನಾಡಬಯಸುತ್ತೇವೆ.

ಸಿಮೆಂಟ್ ಶೀಟು ಬರಿಯ ಸಿಮೆಂಟಲ್ಲ. ಬಲ ಬರಲೆಂದು ಅದರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕಲ್ನಾರನ್ನು, ಅಂದರೆ ಆಸ್ಬೆಸ್ಟಾಸನ್ನು, ಬೆರೆಸಿರುತ್ತಾರೆ. ಇದು ಬಂಡೆಯಲ್ಲಿ ದೊರೆಯುವ ಖನಿಜ. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯೂ ಇದೆ. ಸೀಳಿದಷ್ಟೂ ಸೀಳಿ, ಕೊನೆಗೆ ಕಣ್ಣಿಗೆ ಕಾಣದ ಸೂಜಿಯಾಗಿ ಗಾಳಿಯಲ್ಲಿ ತೇಲುತ್ತದೆ. ಶ್ವಾಸಕೋಶದ ಆಳಕ್ಕಿಳಿದ ಈ ಸೂಜಿ ಕರಗದು, ಕೆಮ್ಮಿದರೂ ಪೂರ್ತಿ ಹೊರಬಾರದು. ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳ ಮೇಲೆ ಶ್ವಾಸಕೋಶ ಬಿರುಸಾಗುವ ಆಸ್ಬೆಸ್ಟೋಸಿಸ್ ರೂಪದಲ್ಲಿಯೋ, ಕ್ಯಾನ್ಸರಿನ ರೂಪದಲ್ಲಿಯೋ ತನ್ನ ಕೆಲಸ ತೋರಿಸುತ್ತದೆ. ಬೀಡಿ ಸೇದುವವರಿಗೆ ಕ್ಯಾನ್ಸರಿನ ಅಪಾಯ ಅನೇಕ ಪಟ್ಟು. ೧೯೯೫ರ ಜನವರಿ ೨೭ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕಲ್ನಾರಿನ ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ ೪೦ ವರ್ಷ ಕಾಯ್ದಿಡಬೇಕೆಂದು ಆದೇಶಿಸಿದ್ದು ಸುಮ್ಮನೆ ಅಲ್ಲ. ಅರವತ್ತಕ್ಕೂ ಹೆಚ್ಚು ದೇಶಗಳು ಇದನ್ನು ನಿಷೇಧಿಸಿವೆ. ನಮ್ಮಲ್ಲಿ ಶೀಟು ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ.

ನಮ್ಮಿಂದಲೂ ತಪ್ಪಾಗಿದೆ. ಮೂವತ್ತು ವರ್ಷಗಳ ಹಿಂದೆ ಚಿಕಿತ್ಸಾಲಯದ ಹಿಂದಿನ ಕೊಟ್ಟಿಗೆ ಕೆಡವಿಸಿದಾಗ, ಒಡೆದ ಶೀಟಿನ ಚೂರನ್ನು ಕೆಸರಾಗದಿರಲೆಂದು ಅಂಗಳಕ್ಕೆ ಹರಡಿಸಿದೆವು. ಬೀದಿಯ ಮಕ್ಕಳು ಅದರ ಮೇಲೆಯೇ ಆಡಿದರು. ವೈದ್ಯರಾಗಿದ್ದೂ ನಮಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಅದರ ಮೇಲೆ ಕಾಂಕ್ರೀಟು ಹಾಕಿಸಿದೆವು. ಆ ಮಕ್ಕಳು ಈಗ ಸಂಸಾರಸ್ಥರು. ಎದುರು ಸಿಕ್ಕಾಗಲೆಲ್ಲ ಅವರ ಉಸಿರಾಟದ ಕಡೆಗೇ ನಮ್ಮ ಕಿವಿ ಹೋಗುತ್ತದೆ.

ಹಾಗೆಂದು ಗಾಬರಿಯಿಂದ ಇಂದೇ ಶೀಟು ಕೀಳಬೇಡಿ. ಬಿರುಕಿಲ್ಲದೆ, ಪುಡಿ ಉದುರದೆ ಗಟ್ಟಿಯಾಗಿರುವ ಶೀಟು ಇದ್ದಲ್ಲಿಯೇ ಇದ್ದರೆ ಅಪಾಯ ಅಲ್ಪ. ಅದನ್ನು ಉಜ್ಜಬಾರದು, ಪಾಚಿ ತೆಗೆಯಲು ತಂತಿಬ್ರಷ್ ಹಾಕಬಾರದು, ರಂಧ್ರ ಕೊರೆಯಬಾರದು. ಹತ್ತಿ ನಿಲ್ಲಲೂಬಾರದು. ಶೀಟು ಮುರಿದು ಕೆಳಗೆ ಬಿದ್ದು ಸೊಂಟ ಮುರಿದುಕೊಂಡವರನ್ನು ನಾವು ಕಲ್ನಾರಿನ ರೋಗಿಗಳಿಗಿಂತ ಹೆಚ್ಚು ಕಂಡಿದ್ದೇವೆ.

ತೆಗೆಯಲೇಬೇಕಾದರೆ ಅನುಭವಸ್ಥರಿಂದ, ಗಾಳಿಯಿಲ್ಲದ ದಿನ ತೆಗೆಸಿ. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರ ಕಳುಹಿಸಿ. ಮೊದಲು ಸೋಪಿನ ನೀರನ್ನು ಮೆಲ್ಲಗೆ ಸಿಂಪಡಿಸಿ ಶೀಟನ್ನು ನೆನೆಸಬೇಕು. ಒದ್ದೆ ಕಲ್ನಾರು ಸುಲಭವಾಗಿ ಹಾರದು. ತುಕ್ಕು ಹಿಡಿದ ಬೋಲ್ಟನ್ನು ಕತ್ತರಿಸಿ, ಶೀಟನ್ನಲ್ಲ. ಇಡೀ ಶೀಟನ್ನು ಕೈಯಿಂದ ಕೈಗೆ ಇಳಿಸಿ. ಮೇಲಿನಿಂದ ಎಸೆಯುವುದು, ಕಟಿಂಗ್ ಮಶೀನು ಹಚ್ಚುವುದು ಸರ್ವಥಾ ಕೂಡದು. ಮೂಗಿಗೆ ಟವೆಲು ಕಟ್ಟಿದರೆ ಪ್ರಯೋಜನವಿಲ್ಲ. ಕೊರೋನಾ ಕಾಲದ ಎನ್-೯೫ ಕೂಡ ಇದಕ್ಕೆ ಸಾಲದು, ಪಿ-೧೦೦ ದರ್ಜೆಯ ಮುಖಗವಸು ಬೇಕು. ಬಿದ್ದ ಪುಡಿಯನ್ನು ಒಣಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಶೀಟಿನೊಡನೆ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ. ಕೆಲಸದ ಬಟ್ಟೆಯನ್ನು ಕೊಡವದೆ ಪ್ರತ್ಯೇಕವಾಗಿ ಒಗೆಯಬೇಕು. ಗಂಡಂದಿರ ಕೆಲಸದ ಬಟ್ಟೆ ಒಗೆದೇ ಈ ರೋಗಕ್ಕೆ ತುತ್ತಾದ ಹೆಣ್ಣುಮಕ್ಕಳು ಪರದೇಶಗಳಲ್ಲಿ ಎಷ್ಟೋ ಮಂದಿ.

ಕಟ್ಟಿದ್ದನ್ನು ಎಲ್ಲಿಗೆ ಒಯ್ಯುವುದು? ಕಷ್ಟವಿರುವುದು ಇಲ್ಲಿಯೇ. ಅಪಾಯಕಾರಿ ತ್ಯಾಜ್ಯ ಹೂಳುವ ಘಟಕ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯಲ್ಲಿದೆ; ಆದರೆ ಒಂದು ಮನೆಯವರು ಹತ್ತು ಶೀಟು ಹೊತ್ತು ಹೋಗಿ ನಿಲ್ಲುವ ಜಾಗವಲ್ಲ ಅದು. ಊರಿನವರು ಒಟ್ಟಾಗಿ ಪಂಚಾಯಿತಿಯ ಮೂಲಕ ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಬೇಕು. ಅಲ್ಲಿಯವರೆಗೆ ಕಾಲು ತುಳಿಯದ ಮೂಲೆಯಲ್ಲಿ, ಕಟ್ಟಿದಂತೆಯೇ ಇರಲಿ. ಕೆರೆಯಂಗಳಕ್ಕಂತೂ ಬೇಡ.

ನಮ್ಮ ಬಳಿ ಇದಕ್ಕೆ ಕಷಾಯವಿದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಆಡುಸೋಗೆ, ಜ್ಯೇಷ್ಠಮಧುಗಳು ಕೆಮ್ಮಿಗೆ ಉಪಶಮನ ಕೊಟ್ಟಾವು, ಒಳಹೊಕ್ಕ ನಾರನ್ನು ತೆಗೆಯಲಾರವು. ಆಯುರ್ವೇದವು ನಿದಾನ ಪರಿವರ್ಜನವನ್ನು, ಎಂದರೆ ಕಾರಣವನ್ನೇ ದೂರವಿಡುವುದನ್ನು, ಮೊದಲ ಚಿಕಿತ್ಸೆ ಎಂದಿದೆ. ಇಲ್ಲಿ ಅದೇ ಮೊದಲೂ ಕೊನೆಯೂ. ಒಂದೆರಡು ಸಲ ಶೀಟು ಒಡೆದವರು ಭಯಪಡಬೇಕಿಲ್ಲ. ವರ್ಷಗಟ್ಟಲೆ ಶೀಟು ಕತ್ತರಿಸುವ ಕೆಲಸ ಮಾಡಿದವರಿಗೆ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು ಕಾಣಿಸಿದರೆ, ಎದೆಯ ಎಕ್ಸ್‌ರೇ ತೆಗೆಸಿ, ಹಳೆಯ ಕೆಲಸದ ವಿಷಯವನ್ನು ವೈದ್ಯರಿಗೆ ತಾವಾಗಿಯೇ ಹೇಳಿ. ಕೇಳದೆ ಅಸ್ತಮಾ ಎಂದು ಮದ್ದು ಬರೆದುಬಿಡುವುದುಂಟು.