ವಿಮಾನಯಾನದ ದೂರ ಮತ್ತು ಕಾಲ

ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಕಾಲ ದೊರೆಯುವುದೆಂದು ನಾವು ತರಗತಿಯಲ್ಲಿ ಕಲಿಸುತ್ತೇವೆ. ಸೂತ್ರವು ಸರಿಯಾದುದೇ. ಆದರೂ ವಿಮಾನದ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡ ವಿದ್ಯಾರ್ಥಿಗೆ ಆ ಲೆಕ್ಕ ತಾಳೆಯಾಗುವುದಿಲ್ಲ. ದೂರವನ್ನು ಅಳೆಯುವ ಬಗೆ ಯಾವುದು, ಕಾಲದಲ್ಲಿ ಏನೇನು ಸೇರಿದೆ ಎಂಬುದನ್ನು ಅರಿತರೆ ಈ ತೊಡಕು ಬಿಡುತ್ತದೆ.

ಭೂಮಿಯು ಗೋಳಾಕಾರವಾಗಿರುವುದರಿಂದ ಅದರ ಮೇಲಿನ ಎರಡು ಸ್ಥಳಗಳ ನಡುವಣ ಅತ್ಯಂತ ಹತ್ತಿರದ ದಾರಿ ಸರಳರೇಖೆಯಲ್ಲ. ಭೂಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತದ ಕಂಸ. ಈ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಅದರ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ.

ದೇವನಹಳ್ಳಿಯ ಸಮೀಪದಲ್ಲಿರುವ ಬೆಂಗಳೂರಿನ ವಿಮಾನ ನಿಲ್ದಾಣವು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ದೆಹಲಿಯದು 28.6 ಡಿಗ್ರಿಯಲ್ಲಿದೆ. ಎರಡೂ ಹೆಚ್ಚು ಕಡಿಮೆ ಒಂದೇ ರೇಖಾಂಶದ ಮೇಲಿರುವುದರಿಂದ ಅಕ್ಷಾಂಶಗಳ ವ್ಯತ್ಯಾಸವೇ ಸಾಕು. 15.4ನ್ನು 111ರಿಂದ ಗುಣಿಸಿದರೆ ಸುಮಾರು 1,710 ಕಿ.ಮೀ. ಆಗುತ್ತದೆ.

ಗಂಟೆಗೆ 800 ಕಿ.ಮೀ. ವೇಗದಲ್ಲಿ ಇದಕ್ಕೆ 2 ಗಂಟೆ 8 ನಿಮಿಷ ಸಾಕು. ಆದರೆ ವೇಳಾಪಟ್ಟಿಯು ಸುಮಾರು ಎರಡೂ ಮುಕ್ಕಾಲು ಗಂಟೆಯೆನ್ನುತ್ತದೆ. ವಿಮಾನವು ತಂಗಿದ್ದ ಸ್ಥಳದಿಂದ ಕದಲಿದ ಕ್ಷಣದಿಂದ ಗಮ್ಯದಲ್ಲಿ ನಿಲ್ಲುವವರೆಗಿನ ಕಾಲವೆಲ್ಲ ಅದರಲ್ಲಿ ಸೇರಿದೆ. ನೆಲದ ಮೇಲಿನ ಓಟ, ಕಡಿಮೆ ವೇಗದ ಏರಿಕೆ ಇಳಿಕೆಗಳು, ಗೊತ್ತುಪಡಿಸಿದ ವಾಯುಮಾರ್ಗದ ಬಳಸು, ಇಳಿಯಲು ಸರದಿ ಕಾಯುವಿಕೆ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಇವುಗಳೊಡನೆ ಗಾಳಿಯೂ ಉಂಟು. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಬಹು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪ್ರಬಲವಾದ ವಾಯುಪ್ರವಾಹ ಬೀಸುತ್ತದೆ. ಆದುದರಿಂದ ಕೋಲ್ಕತ್ತದಿಂದ ದೆಹಲಿಗೆ ಬರುವ ವಿಮಾನವು ಹೋಗುವ ವಿಮಾನಕ್ಕಿಂತ ಹೆಚ್ಚು ಹೊತ್ತು ಹಾರಬೇಕಾಗುತ್ತದೆ.

ಊರುಗಳು ದೂರವಾದಷ್ಟೂ ಗೋಡೆಯ ಭೂಪಟವು ನಮ್ಮನ್ನು ಹೆಚ್ಚು ದಾರಿ ತಪ್ಪಿಸುತ್ತದೆ. ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಭೂಪಟದ ಮೇಲೆ ಪೂರ್ವಾಭಿಮುಖವಾಗಿ ಗೆರೆಯೆಳೆದು ಅದೇ ದಿಕ್ಕಿನಲ್ಲಿ ಸಾಗಿದರೆ ದೂರವು 16,000 ಕಿ.ಮೀ. ಮೀರುತ್ತದೆ. ಬದಲಾಗಿ ಉತ್ತರ ಧ್ರುವದ ಮೂಲಕವೇ ಹೋದರೆ ಏನಾಗುವುದು? ಬೆಂಗಳೂರಿನಿಂದ ಧ್ರುವಕ್ಕೆ 76.8 ಡಿಗ್ರಿ; ಅಲ್ಲಿಂದ 37.6 ಡಿಗ್ರಿ ಅಕ್ಷಾಂಶದ ಸ್ಯಾನ್ ಫ್ರಾನ್ಸಿಸ್ಕೋಗೆ 52.4 ಡಿಗ್ರಿ. ಒಟ್ಟು 129.2 ಡಿಗ್ರಿ, ಅಂದರೆ ಸುಮಾರು 14,340 ಕಿ.ಮೀ. ಮಹಾವೃತ್ತದ ನಿಜವಾದ ದೂರ ಇದಕ್ಕಿಂತಲೂ ತುಸು ಕಡಿಮೆ, ಸುಮಾರು 14,000 ಕಿ.ಮೀ.

ಇದು ಬರಿಯ ಪುಸ್ತಕದ ಮಾತಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದ ಮಹಿಳಾ ಪೈಲಟರ ತಂಡವು ಏರ್ ಇಂಡಿಯಾ ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವ ಪ್ರದೇಶದ ಮೇಲಿನಿಂದ ನೇರವಾಗಿ ಬೆಂಗಳೂರಿಗೆ ತಂದಿತು. 9ರ ರಾತ್ರಿ ಹೊರಟ ವಿಮಾನವು 11ರ ಬೆಳಗಿನ ಜಾವ ಇಳಿಯಿತು. ದಿನಾಂಕ ನೋಡಿದವರಿಗೆ ಒಂದು ಹಗಲು, ಎರಡು ರಾತ್ರಿಗಳ ಪಯಣವೆನಿಸುತ್ತದೆ. ಆದರೆ ಆ ತಿಂಗಳಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಅದನ್ನು ಕಳೆದರೆ ಉಳಿಯುವುದು ಸುಮಾರು 17 ಗಂಟೆ ಮಾತ್ರ.

ಈ ಪಾಠಕ್ಕೆ ಒಂದು ಗ್ಲೋಬು, ಒಂದು ಗೇಣು ದಾರ ಇದ್ದರೆ ಸಾಕು. ದಾರವನ್ನು ಎರಡು ಊರುಗಳ ನಡುವೆ ಬಿಗಿಯಾಗಿ ಹಿಡಿದಾಗ ಅದು ತಾನಾಗಿಯೇ ಧ್ರುವದತ್ತ ಸರಿಯುವುದನ್ನು ಮಕ್ಕಳು ಕಣ್ಣಾರೆ ಕಾಣಲಿ. ನಮ್ಮ ಹಳೆಯ ವಿದ್ಯಾರ್ಥಿಗಳು ನೆಲೆಸಿರುವ ದೂರದ ಊರುಗಳನ್ನೇ ಉದಾಹರಣೆಗೆ ಆರಿಸಿಕೊಂಡರೆ ಗಣಿತ, ಭೂಗೋಳಗಳೆರಡೂ ಅವರಿಗೆ ಹತ್ತಿರವಾಗುತ್ತವೆ. ಸೂತ್ರವನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಅದು ಎಲ್ಲಿಯವರೆಗೆ ಸಲ್ಲುತ್ತದೆಯೆಂಬುದನ್ನು ಅರಿಯುವಂತೆ ಮಾಡುವುದೇ ಮೇಲು.